12 ಪಂದ್ಯಗಳ ಹುಡುಗ

(ಫುಟ್‌ಬಾಲ್ ನೋಡುವ ಗೆಳೆಯರ ಬಳಗದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರಿಯೋ ಮಿಯಾಯಿಚಿ. ಈ ಹೆಸರು ಕೇಳಿದವರು ಒಮ್ಮೆ ಕೈ ಎತ್ತಿ ನೋಡೋಣ. ಮೂರು, ನಾಲ್ಕು... ಸರಿ. ನೀವೆಲ್ಲ ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಅಭಿಮಾನಿಗಳು ಅಂತ ಬೇರೆ ಕೇಳಬೇಕಿಲ್ಲ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಜಪಾನಿನ ಈ ಆಟಗಾರ ಆರ್ಸೆನಲ್ ಪರವಾಗಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಆಡಿದ್ದು ಒಂದೇ ಒಂದು ಪಂದ್ಯ. ಅದೂ ಬದಲಿ ಆಟಗಾರನಾಗಿ. ವಿಶ್ವಕಪ್ ಆಡಿಲ್ಲ. ದೊಡ್ಡ ಲೀಗುಗಳಲ್ಲಿ ಗೋಲಿನ ರಾಶಿ ಹಾಕಿಲ್ಲ. ಆದರೂ ಯೂಟ್ಯೂಬ್‌ನಲ್ಲಿ ಇವರ ಹೆಸರು ಹಾಕಿ ಹುಡುಕಿ. ಹತ್ತು ವರ್ಷಕ್ಕೂ ಹಿಂದಿನ ವಿಡಿಯೋಗಳ ಕೆಳಗೆ ಇವತ್ತಿಗೂ ಜನ ಬಂದು ಮಾತಾಡಿಕೊಳ್ಳುತ್ತಿರುತ್ತಾರೆ. ಕಗಾವಾ, ಹೋಂಡಾ, ನಗಟೊಮೊ ಅಂತ ಜಪಾನಿನಿಂದ ಬಂದು ದೊಡ್ಡ ಕ್ಲಬ್ಬುಗಳಲ್ಲಿ ನಿಜವಾಗಿ ಆಡಿದವರು ಬೇಕಾದಷ್ಟು ಜನ ಇದ್ದಾರೆ. ಆಡಿದ್ದಕ್ಕಿಂತ ಆಡದೆ ಉಳಿದದ್ದೇ ಜಾಸ್ತಿ ಇರುವ ಒಬ್ಬರ ಮೇಲೆ ನೆಟ್ ಮಂದಿಗೆ ಯಾಕೆ ಇಷ್ಟು ಪ್ರೀತಿ? ನನ್ನ ತಲೆ ಕೊರೆದ ಪ್ರಶ್ನೆ ಇದು.

ನನಗೆ ಅನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆಡದೆ ಉಳಿದದ್ದೇ ಅದಕ್ಕೆ ಕಾರಣ. ಕಡಿಮೆ ಆಡಿದವರ ಆಟವನ್ನು ನೋಡುವವರೇ ತಲೆಯಲ್ಲಿ ಪೂರ್ತಿ ಮಾಡಿಕೊಳ್ಳುತ್ತಾರೆ. ಅಲ್ಲಿ ಪಾಸ್ ತಪ್ಪುವುದಿಲ್ಲ, ಸುಸ್ತು ಆಗುವುದಿಲ್ಲ, ಮಂಡಿಯೂ ಮುರಿಯುವುದಿಲ್ಲ.

ಈಗ ಮೊದಲಿನಿಂದ ಬರುತ್ತೇನೆ.

ಮಿಯಾಯಿಚಿ ಹುಟ್ಟಿದ್ದು 1992ರ ಡಿಸೆಂಬರಿನಲ್ಲಿ, ಐಚಿ ಪ್ರಾಂತ್ಯದ ಒಕಜಾಕಿ ಊರಿನಲ್ಲಿ. ನಗೋಯಾ ನಗರ ಇರುವುದೂ ಇದೇ ಐಚಿಯಲ್ಲಿ. ಮುಂದೆ ಆರ್ಸೆನಲ್ ತಂಡವನ್ನು ನಡೆಸಿದ ಆರ್ಸೀನ್ ವೆಂಗರ್ ಅಲ್ಲಿಗೆ ಬರುವ ಮುಂಚೆ ಕೋಚ್ ಆಗಿದ್ದು ನಗೋಯಾ ಗ್ರಾಂಪಸ್ ತಂಡಕ್ಕೆ, 1995–96ರಲ್ಲಿ. ಜಪಾನಿನ ಹುಡುಗರ ಮೇಲೆ ವೆಂಗರ್ ಅವರಿಗೆ ಒಂದು ಕಣ್ಣು ಇದ್ದೇ ಇತ್ತು. 2001ರಲ್ಲಿ ಜುನಿಚಿ ಇನಮೊಟೊ ಅವರನ್ನು ಕರೆಸಿಕೊಂಡರು. ಅವರಿಗೆ ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಆಗಲೂ ಕೆಲವರು, ಜಪಾನಿನಲ್ಲಿ ಕ್ಲಬ್ಬಿನ ಅಂಗಿ ಮಾರಲಿಕ್ಕೆ ಕರೆತಂದದ್ದು ಅಂತ ಆಡಿಕೊಂಡರು. ಏಷ್ಯಾದಿಂದ ಯಾರೇ ಯುರೋಪಿಗೆ ಹೋಗಲಿ, ಈ ಕೊಂಕು ತಪ್ಪಿದ್ದಲ್ಲ.

1992ರ ಸುಮಾರಿಗೆ ಹುಟ್ಟಿದ ಆಟಗಾರರನ್ನು ಜಪಾನಿನಲ್ಲಿ ಪ್ಲಾಟಿನಂ ಪೀಳಿಗೆ ಅನ್ನುತ್ತಿದ್ದರು. ಉಸಾಮಿ, ಶಿಬಸಾಕಿ, ಮಿಯಾಯಿಚಿ ಎಲ್ಲ ಒಂದೇ ಗುಂಪು. 2009ರಲ್ಲಿ ನೈಜೀರಿಯಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ಗೆ ಇವರು ಹೋದರು. ಮೊದಲ ಪಂದ್ಯದಲ್ಲಿ ಎದುರಿಗೆ ಬ್ರೆಜಿಲ್. ಅಲ್ಲಿ ನೇಮಾರ್, ಕುಟಿನ್ಯೋ. ಜಪಾನ್ 2–3ರಿಂದ ಸೋತಿತು. ಆಮೇಲಿನ ಎರಡೂ ಪಂದ್ಯ ಸೋತು ಮನೆಗೆ ಬಂತು. ಆದರೆ ಮಿಯಾಯಿಚಿ ಓಟ ಯುರೋಪಿನ ಕ್ಲಬ್ಬುಗಳ ಕಣ್ಣಿಗೆ ಬಿದ್ದಿತ್ತು. ಆರ್ಸೆನಲ್ ಪರೀಕ್ಷೆಗೆ ಕರೆಸಿ, 2010ರ ಕೊನೆಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ಹುಡುಗ ಇನ್ನೂ ಹೈಸ್ಕೂಲ್ ತಂಡದಲ್ಲಿ ಆಡುತ್ತಿದ್ದ. ಜಪಾನಿನ ವೃತ್ತಿಪರ ಲೀಗ್ ಆದ ಜೆ ಲೀಗ್ ಮೆಟ್ಟಿಲೇ ಹತ್ತದೆ ಸೀದಾ ಲಂಡನ್!

ಆದರೆ ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ. ದೇಶದ ಸೀನಿಯರ್ ತಂಡಕ್ಕೆ ಆಡದವನಿಗೆ ಆಗ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ 2011ರ ಜನವರಿ ಕೊನೆಗೆ ಅವರನ್ನು ಹಾಲೆಂಡಿನ ಫೆಯೆನೂರ್ಡ್ ಕ್ಲಬ್‌ಗೆ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಕಳಿಸಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಕಥೆಗೆ ಜೀವ ಬರುವುದು ಫೆಯೆನೂರ್ಡ್‌ನ ಊರಾದ ರಾಟರ್‌ಡ್ಯಾಮ್‌ನಲ್ಲಿ.

ಫೆಯೆನೂರ್ಡ್ ಹಾಲೆಂಡಿನ ಮೂರು ದೊಡ್ಡ ಕ್ಲಬ್ಬುಗಳಲ್ಲಿ ಒಂದು. ಆದರೆ ಆ ವರ್ಷ ಅದರ ಗತಿ ಕೇಳಬೇಡಿ. 2010ರ ಅಕ್ಟೋಬರಿನಲ್ಲಿ ಪಿಎಸ್‌ವಿ ಎದುರು 10–0ರಿಂದ ಸೋತಿತ್ತು. ಹೌದು, ಹತ್ತು. ಕೈಯಲ್ಲಿ ಹಣವಿಲ್ಲ, ತಂಡದಲ್ಲಿ ಬರೀ ಹುಡುಗರು. ಅಭಿಮಾನಿಗಳು ರೋಸಿಹೋಗಿದ್ದರು. ಆ ಊರಿಗೆ ಜಪಾನಿನವರು ಹೊಸಬರಲ್ಲ. ಶಿಂಜಿ ಓನೋ ಅಲ್ಲಿ ಆಡಿ, 2002ರಲ್ಲಿ ತಂಡ ಯುರೋಪಿನ ಕ್ಲಬ್ಬುಗಳ ಯೂಇಎಫ್‌ಎ ಕಪ್ ಗೆದ್ದಾಗ ಜೊತೆಗಿದ್ದವರು. ಆ ಫೈನಲ್ ನಡೆದದ್ದೂ ಫೆಯೆನೂರ್ಡ್‌ನದೇ ಮೈದಾನವಾದ ಡಿ ಕೈಪ್‌ನಲ್ಲಿ. ಓನೋ ಅಂದರೆ ಅಲ್ಲಿನವರಿಗೆ ಮನೆ ಮಗ. ಅದೇ ಮೈದಾನಕ್ಕೆ 18 ವರ್ಷದ ಮತ್ತೊಬ್ಬ ಜಪಾನಿ ಹುಡುಗ ಬಂದು ಎಡಗಡೆ ರೆಕ್ಕೆಯಲ್ಲಿ, ಅಂದರೆ ಮೈದಾನದ ಎಡ ಅಂಚಿನಲ್ಲಿ, ಓಡಲು ಶುರುಮಾಡಿದ.

ಆ ಓಟ ಹೇಗಿತ್ತು ಅಂತ ಹೇಳುತ್ತೇನೆ, ಯಾಕೆಂದರೆ ಕ್ಲಿಪ್‌ಗಳಲ್ಲಿ ಇರುವುದೇ ಅದು. ಚೆಂಡು ಎಡಗೆರೆಯ ಹತ್ತಿರ ಕಾಲಿಗೆ ಬರುತ್ತದೆ. ಎದುರಿಗೆ ಬಲಗಡೆಯ ಡಿಫೆಂಡರ್. ಮಿಯಾಯಿಚಿ ಅಂಥ ದೊಡ್ಡ ಚಮತ್ಕಾರ ಏನೂ ಮಾಡುವುದಿಲ್ಲ. ಒಂದು ಕ್ಷಣ ನಿಲ್ಲುತ್ತಾರೆ. ಪೂರ್ತಿ ನಿಲ್ಲುತ್ತಾರೆ. ಡಿಫೆಂಡರ್ ಕೂಡ ಹಿಮ್ಮಡಿ ಊರುತ್ತಾನೆ. ಅಷ್ಟರಲ್ಲಿ ಚೆಂಡನ್ನು ಏಳೆಂಟು ಹೆಜ್ಜೆ ಮುಂದಕ್ಕೆ ತಳ್ಳಿ ಅದರ ಹಿಂದೆ ಓಟ. ಡಿಫೆಂಡರ್ ಸೊಂಟ ತಿರುಗಿಸಿ ಓಡಲು ಶುರುಮಾಡುವ ಹೊತ್ತಿಗೆ ಇವರು ಎರಡು ಗಜ ಮುಂದಿರುತ್ತಾರೆ. ಇಷ್ಟೇ. ಆದರೆ ಈ ಇಷ್ಟನ್ನೇ ಮತ್ತೆ ಮತ್ತೆ ಮಾಡುತ್ತಾರೆ, ಎದುರಿನವನಿಗೆ ಏನು ಬರುತ್ತಿದೆ ಅಂತ ಗೊತ್ತಿದ್ದರೂ ತಡೆಯಲು ಆಗುವುದಿಲ್ಲ. ನಿಂತಲ್ಲಿಂದ ಪೂರ್ತಿ ವೇಗಕ್ಕೆ ಹೋಗುವ ಆ ತಾಕತ್ತು ಅಭ್ಯಾಸದಿಂದ ಬರುವಂಥದ್ದಲ್ಲ. ಹುಟ್ಟುತ್ತಲೇ ತಂದದ್ದು.

ಫೆಬ್ರವರಿಯಲ್ಲಿ ಹೆರಾಕ್ಲೆಸ್ ತಂಡದ ಎದುರು ಮೊದಲ ಗೋಲು ಬಂತು. ಡಚ್ ಪತ್ರಿಕೆಗಳು ಬ್ರೆಜಿಲಿನ ರೊನಾಲ್ಡಿನ್ಯೋ ನೆನಪಾಗುವ ಹಾಗೆ ರಿಯೋದಿನ್ಯೋ ಅಂತ ಕರೆದವು. ಒಟ್ಟು 12 ಪಂದ್ಯ, 3 ಗೋಲು. ಫೆಯೆನೂರ್ಡ್ ಆ ಸಲ ಮುಗಿಸಿದ್ದು 10ನೇ ಸ್ಥಾನದಲ್ಲಿ. ಲೆಕ್ಕದ ಪುಸ್ತಕದಲ್ಲಿ ಬರೆದರೆ ಇದೇನು ಮಹಾ ಅನಿಸುತ್ತದೆ, ಅಲ್ವಾ?

ಈಗ ನೆಟ್ ಕಡೆ ಬರೋಣ. 2011 ಅಂದರೆ ಯೂಟ್ಯೂಬ್‌ನಲ್ಲಿ ಅಭಿಮಾನಿಗಳೇ ಕತ್ತರಿಸಿ ಜೋಡಿಸಿದ ವಿಡಿಯೋಗಳ ಕಾಲ. ನಾಲ್ಕೈದು ನಿಮಿಷ, ಹಿಂದೆ ಢಂ ಢಂ ಅನ್ನುವ ಸಂಗೀತ, ಶುರುವಿನಲ್ಲಿ ಆಟಗಾರನ ಹೆಸರು ಬೆಂಕಿಯಲ್ಲಿ ಉರಿಯುತ್ತಾ ಬರುವುದು. ನೀವೆಲ್ಲ ನೋಡಿರುತ್ತೀರಿ. ಆ ವಿಡಿಯೋಗಳ ಒಳಗುಟ್ಟು ಇರುವುದು ಕತ್ತರಿಯಲ್ಲಿ. 90 ನಿಮಿಷದ ಪಂದ್ಯದಲ್ಲಿ ಹೀಗೆ ಅಂಚಿನಲ್ಲಿ ಓಡುವ ಒಬ್ಬ ವಿಂಗರ್ ಕಾಲಲ್ಲಿ ಚೆಂಡು ಇರುವುದು ತುಂಬಾ ಸ್ವಲ್ಪ ಹೊತ್ತು. ಅದರಲ್ಲೂ ಚೆಂಡು ಕಳಕೊಂಡದ್ದು, ಕ್ರಾಸ್ ಗೋಲಿನ ಹಿಂದೆ ಹೋಗಿ ಬಿದ್ದದ್ದು, ವಾಪಸ್ ಓಡಿ ಬರದೆ ನಿಂತದ್ದು ಎಲ್ಲ ಇರುತ್ತದೆ. ಕತ್ತರಿ ಅದನ್ನೆಲ್ಲ ತೆಗೆದು ಹಾಕುತ್ತದೆ. ಉಳಿಯುವುದು ಬರೀ ದಾಟಿಹೋದ ಕ್ಷಣಗಳು. ವೇಗದ ಆಟಗಾರನಿಗೆ ಇದಕ್ಕಿಂತ ಒಳ್ಳೆ ವೇದಿಕೆ ಬೇಕಾ? ಆಟದ ಮಧ್ಯದಲ್ಲಿ ನಿಂತು ತಂಡವನ್ನು ನಡೆಸುವ ಮಿಡ್‌ಫೀಲ್ಡರ್‌ನ ಜಾಣತನ ಕ್ಲಿಪ್‌ನಲ್ಲಿ ಕಾಣುವುದಿಲ್ಲ. ಅದಕ್ಕೆ ಪೂರ್ತಿ ಪಂದ್ಯ ಬೇಕು. ಓಟಕ್ಕೆ ಆರು ಸೆಕೆಂಡ್ ಸಾಕು. ಅದನ್ನು ನೋಡಿ ಬಾಯಿ ತೆರೆಯಲು ಫುಟ್‌ಬಾಲ್ ಗೊತ್ತಿರಲೇಬೇಕು ಅಂತಲೂ ಇಲ್ಲ.

ಇನ್ನೊಂದು ಮಾತು. ಡಚ್ ಲೀಗ್ ಪಂದ್ಯಗಳನ್ನು ಲಂಡನ್ನಿನಲ್ಲೋ ಬೆಂಗಳೂರಿನಲ್ಲೋ ಯಾರು ಕೂತು ಪೂರ್ತಿ ನೋಡುತ್ತಿದ್ದರು? ಆರ್ಸೆನಲ್ ಅಭಿಮಾನಿಗಳಲ್ಲಿ ಹೆಚ್ಚಿನವರು ಮಿಯಾಯಿಚಿ ಆಟ ನೋಡಿದ್ದು ಕ್ಲಿಪ್‌ನಲ್ಲಿ ಮಾತ್ರ. ಜಪಾನಿನಲ್ಲಾದರೆ ಬೇರೆ ಥರ. ಚಳಿಗಾಲದಲ್ಲಿ ಹಾಲೆಂಡಿಗೂ ಜಪಾನಿಗೂ ಎಂಟು ಗಂಟೆ ವ್ಯತ್ಯಾಸ. ರಾಟರ್‌ಡ್ಯಾಮ್‌ನಲ್ಲಿ ಸಂಜೆ ಎಂಟಕ್ಕೆ ಪಂದ್ಯ ಅಂದರೆ ಅಲ್ಲಿ ಬೆಳಗಿನ ಜಾವ ನಾಲ್ಕು. ಎದ್ದು ಕೂತು ನೋಡುವ ಹುಚ್ಚರು ಇದ್ದರು. ಆ ಜನವರಿಯಲ್ಲಷ್ಟೇ ಜಪಾನ್ ಏಷ್ಯಾ ಕಪ್ ಗೆದ್ದಿತ್ತು, ಅದಕ್ಕೂ ಮುಂಚೆ ಕಗಾವಾ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಮಿಂಚಿದ್ದರು, ನಗಟೊಮೊ ಇಂಟರ್ ಮಿಲಾನ್ ಸೇರಿದ್ದರು. ಮಾರ್ಚ್ 11ಕ್ಕೆ ಭೂಕಂಪ, ಸುನಾಮಿ. ದೇಶವೇ ಕಂಗಾಲಾಗಿದ್ದ ಆ ದಿನಗಳಲ್ಲಿ ಹೊರಗೆ ಹೋಗಿ ಓಡುತ್ತಿದ್ದ ತಮ್ಮ ಹುಡುಗರ ಸುದ್ದಿ ಅವರಿಗೆ ಎಷ್ಟು ಬೇಕಾಗಿತ್ತು ಅಂತ ನಾನು ಹೇಳಬೇಕಿಲ್ಲ.

ಆರ್ಸೆನಲ್ ಕಡೆ ಹಸಿವು ಇನ್ನೊಂದು ಥರದ್ದು. 2005ರಿಂದ ಒಂದು ಕಪ್ಪೂ ಇಲ್ಲ. 2011ರ ಆಗಸ್ಟ್‌ನಲ್ಲಿ ಫ್ಯಾಬ್ರೆಗಾಸ್ ಬಾರ್ಸಿಲೋನಾಗೆ ಹೋದರು, ನಸ್ರಿ ಮ್ಯಾಂಚೆಸ್ಟರ್ ಸಿಟಿಗೆ. ಅದೇ ತಿಂಗಳ 28ಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಅವರ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ 8–2 ಸೋಲು. ಇಲ್ಲಿ ಕೂತಿರುವ ಕೆಲವರ ಮುಖ ನೋಡಿದರೆ ಆ ಗಾಯ ಇನ್ನೂ ಮಾಗಿಲ್ಲ ಅಂತ ಕಾಣುತ್ತದೆ! ಅದೇ ಆಗಸ್ಟ್‌ನಲ್ಲಿ ವಿಶೇಷ ಪ್ರತಿಭೆ ಅನ್ನುವ ಲೆಕ್ಕದಲ್ಲಿ ಮಿಯಾಯಿಚಿಗೆ ಬ್ರಿಟನ್ ಪರವಾನಗಿ ಸಿಕ್ಕಿತು. ಇದ್ದವರೆಲ್ಲ ಮಾರಾಟವಾಗುತ್ತಿದ್ದಾಗ ಅಭಿಮಾನಿಗಳಿಗೆ ಹಿಡಿದುಕೊಳ್ಳಲು ಸಿಕ್ಕಿದ್ದು ಬರಲಿರುವ ಹುಡುಗರು. ಅವರಲ್ಲಿ ಇವರೊಬ್ಬರು. ಇನ್ನೂ ಆಡಿಲ್ಲ, ಹಾಗಾಗಿ ನಿರಾಸೆ ಮಾಡಿಲ್ಲ.

ವಿಡಿಯೋ ಗೇಮ್ ಮಾತು ಬಿಡುವ ಹಾಗಿಲ್ಲ. ಫಿಫಾ ಗೇಮ್ ಆಡುತ್ತಿದ್ದ ಹುಡುಗರಿಗೆ ಮಿಯಾಯಿಚಿ ಅಂದರೆ ಚಿನ್ನ. ಬೆಲೆ ಕಡಿಮೆ, ವಯಸ್ಸು ಚಿಕ್ಕದು, ವೇಗ ವಿಪರೀತ. ತಂಡವನ್ನು ವರ್ಷಗಟ್ಟಲೆ ನಾವೇ ನಡೆಸುವ ಕರಿಯರ್ ಮೋಡ್‌ನಲ್ಲಿ ಅವರನ್ನು ಕೊಂಡು ನಾಲ್ಕು ವರ್ಷ ಬೆಳೆಸಿ ಕಪ್ ಮೇಲೆ ಕಪ್ ಗೆದ್ದವರು ಲೋಕದ ತುಂಬಾ ಇದ್ದಾರೆ. ಅವರಿಗೆ ಈ ಆಟಗಾರನ ಜೊತೆ ಒಂದು ಬದುಕೇ ಕಳೆದ ನೆನಪು ಇರುತ್ತದೆ. ಹೊರಗಿನ ಲೋಕದಲ್ಲಿ ಆ ಹೊತ್ತಿಗೆ ಅವರು ಬೆಂಚಿನ ಮೇಲೆ ಕೂತಿದ್ದರು, ಇಲ್ಲವೇ ಆಸ್ಪತ್ರೆಯಲ್ಲಿದ್ದರು. ನನ್ನ ಪ್ರಕಾರ ಈ ಆಟಗಾರನ ಹೆಸರನ್ನು ಉಳಿಸಿದ್ದರಲ್ಲಿ ಕ್ಲಿಪ್‌ಗಳಷ್ಟೇ ಪಾಲು ಈ ಗೇಮಿಗೂ ಇದೆ. ಮೂವತ್ತು ದಾಟಿದವರು ಇವತ್ತಿಗೂ ಈ ಹೆಸರು ಕೇಳಿದ ಕೂಡಲೇ ನಗುವುದು ಅದಕ್ಕೇ.

ಮುಂದಿನ ವರ್ಷಗಳನ್ನು ಬೇಗ ದಾಟಿಬಿಡುತ್ತೇನೆ. 2012ರ ಮೊದಲರ್ಧ ಇಂಗ್ಲೆಂಡಿನದೇ ಇನ್ನೊಂದು ಕ್ಲಬ್ ಬೋಲ್ಟನ್‌ಗೆ ಲೋನ್. ಅಲ್ಲಿ ಚೆನ್ನಾಗಿಯೇ ಆಡಿದರು, ಎಫ್‌ಎ ಕಪ್‌ನಲ್ಲಿ ಮಿಲ್‌ವಾಲ್ ಎದುರು ಗೋಲು ಹೊಡೆದರು. ಆ ಮೇ ತಿಂಗಳಲ್ಲಿ ಅಜರ್‌ಬೈಜಾನ್ ಎದುರು ಜಪಾನ್ ಸೀನಿಯರ್ ತಂಡಕ್ಕೆ ಕಾಲಿಟ್ಟರು. ಆಮೇಲೆ ವಿಗನ್ ಕ್ಲಬ್‌ಗೆ ಲೋನ್, ಕಣಕಾಲಿನ ಗಾಯ. ಆರ್ಸೆನಲ್‌ಗೆ ವಾಪಸ್, ತೊಡೆಯ ಗಾಯ. ಹಾಲೆಂಡಿನ ಟ್ವೆಂಟೆಗೆ ಲೋನ್, ಅಲ್ಲೂ ಜಾಗ ಸಿಗಲಿಲ್ಲ. 2015ರಲ್ಲಿ ಆರ್ಸೆನಲ್ ಬಿಟ್ಟು ಆಗ ಜರ್ಮನಿಯ ಎರಡನೇ ದರ್ಜೆಯ ಲೀಗಿನಲ್ಲಿದ್ದ ಕ್ಲಬ್ ಸೇಂಟ್ ಪೌಲಿ ಸೇರಿದರು. ಹ್ಯಾಂಬರ್ಗ್ ಬಂದರಿನ ಪಕ್ಕದ ಬಡಾವಣೆಯ ತಂಡ, ತಲೆಬುರುಡೆ ಬಾವುಟದವರು.

ಸೇರಿದ ಮರು ತಿಂಗಳೇ, ಲೀಗ್ ಶುರುವಾಗುವ ಮುಂಚೆ, ಎಡಮಂಡಿಯ ಎಸಿಎಲ್ ಹರಿಯಿತು.

ಈ ಎಸಿಎಲ್ ಬಗ್ಗೆ ಒಂದೆರಡು ಮಾತು. ಮಂಡಿಯೊಳಗೆ ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಹಿಡಿದಿಡುವ ಒಂದು ಗಟ್ಟಿ ಪಟ್ಟಿ ಅದು. ಕೆಳಗಾಲು ಮುಂದಕ್ಕೆ ಜಾರದ ಹಾಗೆ, ತಿರುಚದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಇದು ಹರಿಯಲು ಯಾರೂ ಬಂದು ಒದೆಯಬೇಕಿಲ್ಲ. ಹೆಚ್ಚಿನ ಸಲ ಹರಿಯುವುದು ಒಬ್ಬರೇ ಓಡುತ್ತಿದ್ದಾಗ, ತಟ್ಟನೆ ನಿಂತಾಗ, ಕಾಲು ಊರಿ ಮೈ ತಿರುಗಿಸಿದಾಗ. ಅಂದರೆ ಮಿಯಾಯಿಚಿ ಆಟ ಯಾವುದರ ಮೇಲೆ ನಿಂತಿತ್ತೋ ಅದರಲ್ಲೇ. ಹರಿದ ಪಟ್ಟಿಯನ್ನು ಹೊಲಿದರೆ ನಿಲ್ಲುವುದಿಲ್ಲ ಅಂತ ಮಂಡಿಚಿಪ್ಪಿನ ಕೆಳಗಿನಿಂದಲೋ ತೊಡೆಯ ಹಿಂಭಾಗದಿಂದಲೋ ಒಂದು ಎಳೆ ತೆಗೆದು ಮೂಳೆಗೆ ತೂತು ಕೊರೆದು ಕೂರಿಸುತ್ತಾರೆ. ಆಮೇಲೆ ಎಂಟು ಒಂಬತ್ತು ತಿಂಗಳು. ಮೊದಲು ಕಾಲು ನೆಟ್ಟಗೆ ಮಾಡುವುದನ್ನೇ ಕಲಿಯಬೇಕು.

ಅದನ್ನು ಮುಗಿಸಿ ಬಂದರು. 2017ರಲ್ಲಿ ಬಲಮಂಡಿಯ ಎಸಿಎಲ್ ಹರಿಯಿತು. ಮತ್ತೆ ಅದೇ ಹಾದಿ.

ಸೇಂಟ್ ಪೌಲಿಯವರು ಅವರನ್ನು ಬಿಟ್ಟುಕೊಡಲಿಲ್ಲ. ಕಾದರು. 2018–19ರಲ್ಲಿ ಕೊನೆಗೂ ಒಂದು ಪೂರ್ತಿ ಸೀಸನ್ ಅನ್ನಬಹುದಾದಷ್ಟು ಆಡಿ 5 ಗೋಲು ಹೊಡೆದರು. ಆಗ ಜೊತೆಯಲ್ಲಿ ಆಡುತ್ತಿದ್ದ ಗ್ರೀಸಿನ ಸ್ಟ್ರೈಕರ್ ಒಬ್ಬರು ನಿಮಗೆಲ್ಲ ಗೊತ್ತು, ದಿಮಿತ್ರಿಯೋಸ್ ದಿಯಮಾಂಟಕೋಸ್. ಆಮೇಲೆ ಕೇರಳ ಬ್ಲಾಸ್ಟರ್ಸ್‌ಗೆ ಬಂದವರು. 2023ರ ಮಾರ್ಚ್‌ನಲ್ಲಿ ಕಂಠೀರವದಲ್ಲಿ ಛೆಟ್ರಿ ಫ್ರೀ ಕಿಕ್ ಗಲಾಟೆ ಆಗಿ ಇಡೀ ತಂಡ ಮೈದಾನ ಬಿಟ್ಟು ಹೋಯಿತಲ್ಲ, ಆ ಸೀಸನ್ನಿನ ಬ್ಲಾಸ್ಟರ್ಸ್ ತಂಡದವರೇ ಇವರು. ಸುಮ್ನೆ ಹೇಳಿದೆ. ಫುಟ್‌ಬಾಲ್ ಲೋಕ ಚಿಕ್ಕದು.

ಈ ವರ್ಷಗಳಲ್ಲಿ ನೆಟ್‌ನಲ್ಲಿ ಏನಾಗುತ್ತಿತ್ತು? ನಾನು ಗಮನಿಸಿದ ಮಟ್ಟಿಗೆ ಎರಡು ಗುಂಪು. ಇಂಗ್ಲಿಷಿನಲ್ಲಿ ಬರೆಯುವ ಗುಂಪಿಗೆ ಅವರು ಒಂದು ಪ್ರಶ್ನೆಯಾಗಿ ಉಳಿದರು. "ಆ ಹುಡುಗ ಏನಾದ?" ಅನ್ನುವ ಥರದ ಪಟ್ಟಿಗಳಲ್ಲಿ ಅವರ ಹೆಸರು ಇರಲೇಬೇಕು. ಅಲ್ಲಿ ಪ್ರೀತಿಯೂ ಇದೆ, ಸ್ವಲ್ಪ ತಮಾಷೆಯೂ ಇದೆ. ಆ ತಮಾಷೆ ನನಗೆ ಅಷ್ಟು ಹಿಡಿಸುವುದಿಲ್ಲ. ಮೂರು ವರ್ಷ ಫಿಸಿಯೋ ಕೋಣೆಯಲ್ಲಿ ಕಳೆದವರನ್ನು "ಏನಾದ" ಅಂತ ಕೇಳುವುದು ಸೋಮಾರಿತನ, ಅವರು ಎಲ್ಲಿದ್ದರು ಅಂತ ಹುಡುಕಿದರೆ ಎರಡು ನಿಮಿಷದಲ್ಲಿ ಸಿಗುತ್ತಿತ್ತು. ಜಪಾನಿನವರು ಹಾಗಲ್ಲ. ಅವರು ಸುದ್ದಿ ಬಿಡದೆ ಹಿಂಬಾಲಿಸಿದರು. ಬೆಂಚಿನಲ್ಲಿ ಕೂತರೂ ಸುದ್ದಿ, ಅಭ್ಯಾಸಕ್ಕೆ ಇಳಿದರೂ ಸುದ್ದಿ.

2021ರಲ್ಲಿ ಯೊಕೊಹಾಮಾ ಎಫ್. ಮರಿನೋಸ್ ಸೇರಿದರು. 28 ವರ್ಷಕ್ಕೆ ಮೊದಲ ಸಲ ತಮ್ಮ ದೇಶದ ಲೀಗ್! 2022ರ ಜುಲೈನಲ್ಲಿ ಪೂರ್ವ ಏಷ್ಯಾ ಟೂರ್ನಿಗೆ ಜಪಾನ್ ತಂಡಕ್ಕೆ ಕರೆ ಬಂತು. ಸುಮಾರು ಹತ್ತು ವರ್ಷದ ನಂತರ. ಜುಲೈ 27, ಎದುರಾಳಿ ದಕ್ಷಿಣ ಕೊರಿಯಾ, ಮೈದಾನ ಟೊಯೊಟಾ ಸ್ಟೇಡಿಯಂ. ಅದು ಇರುವುದು ಐಚಿಯಲ್ಲಿ, ಅವರು ಹುಟ್ಟಿದ ಪ್ರಾಂತ್ಯದಲ್ಲಿ. ಜಪಾನ್ 3–0ರಿಂದ ಗೆದ್ದಿತು, ಕಪ್ಪೂ ಬಂತು. ಆದರೆ ಆ ಪಂದ್ಯದಲ್ಲೇ ಅವರ ಬಲಮಂಡಿಯ ಎಸಿಎಲ್ ಮತ್ತೆ ಹರಿಯಿತು.

ಇಂಥದ್ದನ್ನು ಕಥೆಯಲ್ಲಿ ಬರೆದರೆ ನಾವೇ ಅತಿಯಾಯಿತು ಅನ್ನುತ್ತೇವೆ.

ಆ ರಾತ್ರಿಯಿಂದ ಸೋಷಿಯಲ್ ಮೀಡಿಯಾದಲ್ಲಿ ಅವರ ಹೆಸರಿಗೆ ಸಂದೇಶಗಳು ಸುರಿದವು. ಅವರದೇ ತಂಡದವರು, ಬೇರೆ ಕ್ಲಬ್ಬಿನವರು, ರಾಟರ್‌ಡ್ಯಾಮ್‌ನವರು, ಹ್ಯಾಂಬರ್ಗಿನವರು, ಲೀಗ್‌ನಲ್ಲಿ ಒಂದೇ ಪಂದ್ಯ ಆಡಿಸಿದ ಆರ್ಸೆನಲ್‌ನ ಅಭಿಮಾನಿಗಳು. ಮೂರು ದಿನದ ನಂತರ ಮರಿನೋಸ್‌ಗೆ ಕಾಶಿಮಾ ಆಂಟ್ಲರ್ಸ್ ಜೊತೆ ಪಂದ್ಯ ಇತ್ತು. ಅಭ್ಯಾಸಕ್ಕೆ ಇಳಿದ ಮರಿನೋಸ್ ಆಟಗಾರರೆಲ್ಲ ಒಂದೇ ಥರದ ಟೀ ಶರ್ಟ್ ಹಾಕಿದ್ದರು. ರಿಯೋ, ಏನೂ ಆಗಲ್ಲ, ಯಾವಾಗಲೂ ನಾವು ಜೊತೆಗಿದ್ದೇವೆ ಅನ್ನುವ ಅರ್ಥದ ಸಾಲು ಅದರ ಮೇಲೆ. ಎದುರು ತಂಡದ ಅಭಿಮಾನಿಗಳೂ ಅವರಿಗಾಗಿ ಬ್ಯಾನರ್ ಕಟ್ಟಿದ್ದರು. ಕಾಶಿಮಾ ಆ ವರ್ಷ ಪಟ್ಟಕ್ಕಾಗಿ ಮರಿನೋಸ್ ಜೊತೆ ಪೈಪೋಟಿಗೆ ಇಳಿದಿದ್ದ ತಂಡ ಅನ್ನುವುದು ನೆನಪಿರಲಿ. ಆಟ ಬಿಟ್ಟೇಬಿಡೋಣ ಅನ್ನುವ ಯೋಚನೆ ಬಂದಿತ್ತು, ಈ ಮಾತುಗಳನ್ನೆಲ್ಲ ನೋಡಿ ಮತ್ತೆ ಮೈದಾನಕ್ಕೆ ಇಳಿಯುವ ಮನಸ್ಸು ಮಾಡಿದೆ ಅಂತ ಮಿಯಾಯಿಚಿ ಆಮೇಲೆ ತಿಳಿಸಿದರು.

ಇಲ್ಲಿ ನೆಟ್ ಜನಪ್ರಿಯತೆಯ ಬಣ್ಣವೇ ಬದಲಾದದ್ದು ನೋಡಿ. 2011ರಲ್ಲಿ ಜನ ಪ್ರೀತಿಸಿದ್ದು ಇನ್ನೂ ಆಡದ ಆಟವನ್ನು. 2022ರಲ್ಲಿ ಪ್ರೀತಿಸಿದ್ದು ಆಡಲು ಆಗದೆ ಹೋದ ಆಟವನ್ನು. ಎರಡರಲ್ಲೂ ಮೈದಾನದ ಮೇಲೆ ಮಿಯಾಯಿಚಿ ಇಲ್ಲ! ಆದರೆ ಮೊದಲನೆಯದು ಪುಗಸಟ್ಟೆ. ಲೈಕ್ ಒತ್ತಿದವರ ಜೇಬಿನಿಂದ ಏನೂ ಹೋಗಲಿಲ್ಲ, ಆದರೆ ಆ ಲೈಕಿನ ಭಾರ ಹೊತ್ತದ್ದು 18ರ ಹುಡುಗ. ಮುಂದೆ ಪ್ರತಿ ಸಲ ಮೈದಾನಕ್ಕೆ ಇಳಿದಾಗಲೂ ಜನ ಅವರನ್ನು ಅಳೆದದ್ದು ಆ ನಾಲ್ಕು ನಿಮಿಷದ ವಿಡಿಯೋ ಜೊತೆ ಇಟ್ಟು. ಬೋಲ್ಟನ್‌ನಲ್ಲಿ ಅವರು ವಾಪಸ್ ಓಡಿ ತಮ್ಮ ಡಿಫೆಂಡರ್‌ಗೆ ನೆರವಾದದ್ದನ್ನು ಯಾರೂ ಕ್ಲಿಪ್ ಮಾಡಲಿಲ್ಲ. ಎರಡನೆಯದು ಹಾಗಲ್ಲ. ಆ ಸಂದೇಶಗಳು ಒಬ್ಬ ಮನುಷ್ಯನ ತೀರ್ಮಾನ ಬದಲಿಸಿದವು. ನೆಟ್ ಮಂದಿಯನ್ನು ಬೈಯುವುದು ನನಗೂ ಇಷ್ಟದ ಕೆಲಸವೇ. ಆದರೆ ಈ ಒಂದು ಸಲ ಬಾಯಿ ಮುಚ್ಚಿಕೊಳ್ಳಬೇಕಾಯಿತು.

2022ರಲ್ಲಿ ಮರಿನೋಸ್ ಜಪಾನಿನ ಮೊದಲ ದರ್ಜೆಯ ಜೆ1 ಲೀಗ್ ಗೆದ್ದಿತು. 2023ರ ಮೇ ಹೊತ್ತಿಗೆ ಮಿಯಾಯಿಚಿ ವಾಪಸ್ ಬಂದರು. ಜೂನ್ 10ಕ್ಕೆ ಕಾಶಿವಾ ರೇಸೋಲ್ ಎದುರು ಪಂದ್ಯ. 90 ನಿಮಿಷ ಮುಗಿದು ರೆಫರಿ ಸೇರಿಸಿದ ನಿಮಿಷಗಳು ನಡೆಯುತ್ತಿದ್ದಾಗ ಸ್ಕೋರ್ 3–3ಕ್ಕೆ ಬಂತು. ಅದಾದ ಮೇಲೆ ಗೆಲುವಿನ ಗೋಲು ಹೊಡೆದವರು ಬದಲಿಯಾಗಿ ಇಳಿದಿದ್ದ ಮಿಯಾಯಿಚಿ. 4–3. ಆ ಗೋಲನ್ನು ಜೆ ಲೀಗ್‌ನವರೇ ನೆಟ್‌ಗೆ ಹಾಕಿದರು. ಈಗಿನ ಪದ್ಧತಿ ಅದು. 2011ರ ಹಾಗೆ ಅಭಿಮಾನಿಗಳು ಕದ್ದು ಹಾಕಿ, ಕಾಪಿರೈಟ್ ಅಂತ ಯಾರೋ ಕಿತ್ತು ಹಾಕಿ, ಮತ್ತೆ ಹಾಕುವ ಕಾಲ ಹೋಯಿತು. ಆ ಕ್ಲಿಪ್‌ನಲ್ಲಿ ಹಳೆಯ ಓಟ ಹುಡುಕಬೇಡಿ. ಗೋಲಿನ ನಂತರ ತಂಡದವರು ಅವರ ಮೇಲೆ ಬೀಳುವ ರೀತಿ ನೋಡಿ. ಗೆದ್ದ ಖುಷಿಗೆ ಅಷ್ಟು ಜನ ಅಷ್ಟು ಹೊತ್ತು ಒಬ್ಬರನ್ನು ತಬ್ಬಿಕೊಳ್ಳುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. "ಸರ್, ಮಂಡಿ ಹರಿದುಕೊಂಡವರು ನೂರಾರು ಜನ ಇದ್ದಾರೆ. ಅವರಿಗೆಲ್ಲ ಇಷ್ಟು ಪ್ರೀತಿ ಸಿಗಲಿಲ್ಲವಲ್ಲ?"

ನಿಜ, ಸಿಗಲಿಲ್ಲ. ಎರಡನೇ ದರ್ಜೆಯ ಲೀಗಿನಲ್ಲಿ ಕಾಲು ಕಳಕೊಂಡು ಊರಿಗೆ ವಾಪಸಾದ ಹುಡುಗರ ಹೆಸರು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಮಿಯಾಯಿಚಿ ಬಳಿ ಆ 12 ಪಂದ್ಯ ಇದ್ದವು. 2011ರಲ್ಲಿ ಅವರ ಕ್ಲಿಪ್ ನೋಡಿ ನಾಳೆಯ ದೊಡ್ಡ ಆಟಗಾರ ಅಂತ ಸ್ನೇಹಿತರ ಹತ್ತಿರ ಪಣ ಕಟ್ಟಿದ ಹದಿನಾರರ ಹುಡುಗರು 2022ರಲ್ಲಿ ಇಪ್ಪತ್ತೇಳರವರಾಗಿದ್ದರು. ಕೆಲಸಕ್ಕೆ ಹೋಗುತ್ತಿದ್ದರು, ತಮ್ಮ ಮಂಡಿಯೂ ಸ್ವಲ್ಪ ನೋಯಲು ಶುರುವಾಗಿತ್ತು. ಅವರು ಬರೆದ ಸಂದೇಶದಲ್ಲಿ ತಮ್ಮದೂ ಒಂದು ಪಾಲು ಇತ್ತು ಅಂತ ನನಗೆ ಅನಿಸುತ್ತದೆ. ಅದನ್ನು ತಪ್ಪು ಅನ್ನಲಾರೆ. ಉಳಿದ ನೂರಾರು ಜನರಿಗೆ ಅದು ಅನ್ಯಾಯ ಅನ್ನುವುದೂ ನಿಜ. ಕ್ಲಿಪ್ ಇಲ್ಲದವರನ್ನು ಹುಡುಕಿಕೊಂಡು ಹೋಗುವ ದಾರಿ ನೆಟ್ ಇನ್ನೂ ಕಂಡುಕೊಂಡಿಲ್ಲ.